ಕೋಲಾರದ ನಿಮ್ಮ ಮಹಡಿ ಮನೆಗೆ ವಿದೇಶದವರು ಬರುತ್ತಿದ್ದಾರಾ? ಯಾವ ಕೆಲಸ ಮೊದಲು, ಯಾವುದು ಆಮೇಲೆ

ನಮ್ಮ ಮಹಡಿ ಮನೆಗೆ ಇದುವರೆಗೆ ಮೂರು ವಿದೇಶಿ ಬಾಡಿಗೆದಾರರು ಬಂದಿದ್ದಾರೆ. ಮೊದಲು ಜರ್ಮನಿಯ ಗಂಡ ಹೆಂಡತಿ. ಆಮೇಲೆ ಅಮೆರಿಕದಿಂದ ಒಬ್ಬರೇ ಬಂದ ಹೆಣ್ಣುಮಗಳು. ಈಗ ಫ್ರಾನ್ಸಿನ ಒಂದು ಪುಟ್ಟ ಸಂಸಾರ, ಆರು ವರ್ಷದ ಮಗು ಇದೆ. ಎಲ್ಲರೂ ನರಸಾಪುರ, ವೇಮಗಲ್ ಕಡೆಯ ಕಾರ್ಖಾನೆಗಳ ಕೆಲಸಕ್ಕೆ ಬಂದವರು. ವೇಮಗಲ್‌ನಲ್ಲಿ ಟಾಟಾದವರು ಏರ್‌ಬಸ್ ಜೊತೆ ಸೇರಿ ಹೆಲಿಕಾಪ್ಟರ್ ಜೋಡಿಸುವ ಕೆಲಸ ಹಿಡಿದಿದ್ದಾರೆ. ಇಂಥವರು ಇನ್ನೂ ಬರುತ್ತಾರೆ, ಕೋಲಾರದಲ್ಲಿ ಮನೆ ಹುಡುಕುತ್ತಾರೆ.

ಬಿಸಿಲು, ಖಾರ, ಸೊಳ್ಳೆ, ಇದಕ್ಕೆಲ್ಲ ಅವರು ಮನಸ್ಸು ಗಟ್ಟಿ ಮಾಡಿಕೊಂಡೇ ಬಂದಿರುತ್ತಾರೆ. ಅವರನ್ನು ಸುಸ್ತು ಮಾಡುವುದು ಕಾಗದಪತ್ರ. ಸಿಮ್ ಕೇಳಿದರೆ ವಿಳಾಸ ಎಲ್ಲಿ ಅಂತಾರೆ. ಬ್ಯಾಂಕಿಗೆ ಹೋದರೆ ನೋಂದಣಿ ಪತ್ರ ತನ್ನಿ ಅಂತಾರೆ. ನೋಂದಣಿಗೆ ಹೋದರೆ ಮನೆ ಕರಾರು ಎಲ್ಲಿ ಅಂತ ಕೇಳ್ತಾರೆ. ಒಂದೊಂದೇ ಎಳೆ ಹಿಡಿದು ಹೋದರೆ ಕೊನೆಗೆ ಸಿಗುವುದು ಮನೆ ವಿಳಾಸ. ಅದನ್ನು ಕೊಡುವವರು ಮನೆ ಓನರ್, ಅಂದ್ರೆ ನಾವು. ನಾವು ನಮ್ಮ ಪಾಲಿನ ಕೆಲಸವನ್ನು ಸರಿಯಾದ ಸಮಯಕ್ಕೆ ಮಾಡಿಕೊಟ್ಟರೆ ಅವರ ಮೊದಲ ತಿಂಗಳು ಸಲೀಸಾಗುತ್ತದೆ. ನಾವು ತಪ್ಪಿದರೆ ಎಷ್ಟು ದೊಡ್ಡ ಕಂಪನಿ ಅವರ ಹಿಂದೆ ಇದ್ದರೂ ಅಲ್ಲೇ ನಿಲ್ಲುತ್ತದೆ. ಮೊದಲ ಸಲ ನನಗೆ ಇದು ಗೊತ್ತಿರಲಿಲ್ಲ. ಮೂರು ಸಲ ಓಡಾಡಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಅಡ್ವಾನ್ಸ್ ತೆಗೆದುಕೊಳ್ಳುವ ಮೊದಲು ವೀಸಾ ನೋಡಿ

ಮನೆ ಒಪ್ಪಿಗೆ ಆಯಿತು ಅಂದ ಕೂಡಲೇ ಪಾಸ್‌ಪೋರ್ಟಿನ ಫೋಟೋ ಇರುವ ಪುಟ ಮತ್ತು ವೀಸಾ, ಎರಡರ ಪ್ರತಿ ಕಳಿಸಲು ಹೇಳಿ. ಸಂಕೋಚ ಬೇಡ. ಅವರ ಊರಲ್ಲೂ ಮನೆ ಕೊಡುವವರು ಇದಕ್ಕಿಂತ ಜಾಸ್ತಿ ಕಾಗದ ಕೇಳುತ್ತಾರೆ.

ಕಾರ್ಖಾನೆ ಕೆಲಸಕ್ಕೆ ಬಂದು ಇಲ್ಲಿ ಸಂಬಳ ಪಡೆಯುವವರಿಗೆ ಎಂಪ್ಲಾಯ್‌ಮೆಂಟ್ ವೀಸಾ ಇರಬೇಕು. ಕೆಲವು ವಿನಾಯಿತಿ ಬಿಟ್ಟರೆ ಈ ವೀಸಾಕ್ಕೆ ವರ್ಷಕ್ಕೆ ಕನಿಷ್ಠ 16.25 ಲಕ್ಷ ರೂಪಾಯಿ ಸಂಬಳ ಇರಬೇಕು ಅನ್ನುವ ನಿಯಮ ಇದೆ. ಜೊತೆಗೆ ಬರುವ ಗಂಡ ಅಥವಾ ಹೆಂಡತಿ, ಮಕ್ಕಳಿಗೆ ಎಂಟ್ರಿ ವೀಸಾ ಕೊಡುತ್ತಾರೆ. ಆ ವೀಸಾದಲ್ಲಿ ಇಲ್ಲಿ ಕೆಲಸ ಮಾಡುವ ಹಾಗಿಲ್ಲ. ನಮ್ಮ ಜರ್ಮನಿ ಅಮ್ಮನಿಗೆ ಇಲ್ಲಿನ ಒಂದು ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುವ ಆಸೆ ಇತ್ತು. ಶಾಲೆಯವರಿಗೂ ಖುಷಿ. ಆದರೆ ವೀಸಾ ಬಿಡಲಿಲ್ಲ. ಊರಲ್ಲೇ ಗೊತ್ತಿದ್ದರೆ ಬೇರೆ ದಾರಿ ನೋಡಿಕೊಂಡು ಬರ್ತಿದ್ದೆ ಅಂತ ಪಾಪ ಎಷ್ಟು ಸಲ ಹೇಳಿದರೋ.

ಕೆಲವರು 'ಮೊದಲು ಇ-ಟೂರಿಸ್ಟ್ ವೀಸಾದಲ್ಲಿ ಬಂದುಬಿಡ್ತೀವಿ, ಆಮೇಲೆ ಇಲ್ಲೇ ಬದಲಾಯಿಸಿಕೊಳ್ತೀವಿ' ಅಂತಾರೆ. ಅದು ಆಗುವುದಿಲ್ಲ. ಟೂರಿಸ್ಟ್ ವೀಸಾವನ್ನು ಇಲ್ಲಿ ಕುಳಿತು ಎಂಪ್ಲಾಯ್‌ಮೆಂಟ್ ವೀಸಾ ಮಾಡಿಸಲು ಬರುವುದಿಲ್ಲ. ವಾಪಸ್ ಹೋಗಿ ಅರ್ಜಿ ಹಾಕಬೇಕು. ಇದನ್ನು ಅವರು ವಿಮಾನದ ಟಿಕೆಟ್ ತೆಗೆಯುವ ಮುಂಚೆಯೇ ತಿಳಿಸಿ.

ಅವರ ಊರಿನಲ್ಲೇ ಮುಗಿಸಿ ಬರಬೇಕಾದ ಇನ್ನೊಂದು ಕೆಲಸ ಅಪೊಸ್ಟಿಲ್. ಮದುವೆ ಪ್ರಮಾಣಪತ್ರ, ಮಗುವಿನ ಜನನ ಪತ್ರ, ಡಿಗ್ರಿ ಸರ್ಟಿಫಿಕೇಟ್, ಇವುಗಳ ಮೇಲೆ ಅಲ್ಲಿನ ಸರ್ಕಾರ ಹಾಕಿಕೊಡುವ ಒಂದು ಮುದ್ರೆ ಇದು. ಅದಿದ್ದರೆ ಕಾಗದ ಅಸಲಿ ಅಂತ ಇಲ್ಲಿ ಒಪ್ಪುತ್ತಾರೆ. ಭಾರತ 2005ರಿಂದ ಈ ಒಪ್ಪಂದದಲ್ಲಿದೆ. ಅಮೆರಿಕ, ಬ್ರಿಟನ್, ಫ್ರಾನ್ಸ್ ಎಲ್ಲವೂ ಇವೆ. ಕೆನಡಾ ಸೇರಿದ್ದು 2024ರಲ್ಲಿ. ಇಲ್ಲಿಗೆ ಬಂದ ಮೇಲೆ ಬೇಕಾದರೆ ಆ ಕಾಗದವನ್ನು ಮತ್ತೆ ಅವರ ಊರಿಗೆ ಕಳಿಸಿ ತರಿಸಬೇಕು. ಕಾಗದ ಇಂಗ್ಲಿಷಿನಲ್ಲಿ ಇಲ್ಲದಿದ್ದರೆ ಇಂಗ್ಲಿಷ್ ಅನುವಾದವನ್ನೂ ಮಾಡಿಸಿ ತರಲಿ.

ಸಿ ಫಾರಂ ಲಾಗಿನ್ ಮೊದಲೇ ಮಾಡಿಕೊಳ್ಳಿ

ಇದು ಪೂರ್ತಿ ನಮ್ಮ ಕೆಲಸ. ವಿದೇಶಿ ಪ್ರಜೆ ನಮ್ಮ ಮನೆಯಲ್ಲಿ ಉಳಿದರೆ, ಬಂದ 24 ಗಂಟೆಯೊಳಗೆ ನಾವು ಸರ್ಕಾರಕ್ಕೆ ತಿಳಿಸಬೇಕು. ಎಲ್ಲರೂ ಇದನ್ನು ಸಿ ಫಾರಂ ಅಂತಲೇ ಕರೆಯುತ್ತಾರೆ. ಇದು ಹೋಟೆಲ್, ಲಾಡ್ಜಿಗೆ ಮಾತ್ರ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಬಾಡಿಗೆ ಮನೆ, ಪೇಯಿಂಗ್ ಗೆಸ್ಟ್, ಮಠದ ಅತಿಥಿ ಗೃಹ ಎಲ್ಲಕ್ಕೂ ಇದು ಅನ್ವಯಿಸುತ್ತದೆ. 1946ರ ಹಳೆಯ ವಿದೇಶಿಯರ ಕಾಯ್ದೆಯ ಜಾಗಕ್ಕೆ 2025ರ ಸೆಪ್ಟೆಂಬರ್ 1ರಿಂದ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ಬಂದಿದೆ. ಮನೆ ಕೊಟ್ಟವರ ಹೊಣೆ ಮಾತ್ರ ಹಾಗೇ ಉಳಿದಿದೆ.

ಫಾರಂ ತುಂಬುವುದು ಆನ್‌ಲೈನ್‌ನಲ್ಲಿ, ಎಫ್‌ಆರ್‌ಆರ್‌ಒ ಅಂದ್ರೆ ವಿದೇಶಿಯರ ಪ್ರಾದೇಶಿಕ ನೋಂದಣಿ ಕಚೇರಿಯ ವೆಬ್‌ಸೈಟಿನಲ್ಲಿ. ಅದಕ್ಕೆ ಮೊದಲು ಮನೆ ಮಾಲೀಕರು ತಮ್ಮ ಹೆಸರಲ್ಲಿ ಒಂದು ಲಾಗಿನ್ ಮಾಡಿಕೊಳ್ಳಬೇಕು. ಅರ್ಜಿ ಹಾಕಿದ ತಕ್ಷಣ ಅದು ಸಿಗುವುದಿಲ್ಲ, ಅಧಿಕಾರಿಗಳು ನೋಡಿ ಒಪ್ಪಿಗೆ ಕೊಡಬೇಕು. ಬಾಡಿಗೆದಾರರು ಬಂದು ಇಳಿದ ಮೇಲೆ ಇದನ್ನು ಶುರು ಮಾಡಿದರೆ 24 ಗಂಟೆ ಅಲ್ಲೇ ಕಳೆದುಹೋಗುತ್ತದೆ. ಹಾಗಾಗಿ ಅವರು ಬರುವ ಎರಡು ವಾರ ಮೊದಲೇ ಲಾಗಿನ್‌ಗೆ ಹಾಕಿಡಿ. ನಮ್ಮ ಗುರುತಿನ ಚೀಟಿ, ಮನೆಯ ವಿಳಾಸ, ಮೊಬೈಲ್, ಇಮೇಲ್ ಸಾಕು. ಸೈಬರ್ ಸೆಂಟರಿನಲ್ಲಿ ಮಾಡಿಸುವುದಾದರೆ ಇಮೇಲ್ ಮಾತ್ರ ನಿಮ್ಮದೇ ಕೊಡಿ, ಅಂಗಡಿಯವರದ್ದು ಬೇಡ. ಮುಂದೆ ಪ್ರತಿ ಸಲ ಅದೇ ಬೇಕಾಗುತ್ತದೆ.

ಕರಾರು ಪತ್ರ: ಹೆಸರು ಇದ್ದ ಹಾಗೇ ಬರಲಿ

ಇಡೀ ಕೆಲಸದಲ್ಲಿ ನಾನು ಜಾಸ್ತಿ ಪೆಟ್ಟು ತಿಂದದ್ದು ಇಲ್ಲೇ. ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಜರ್ಮನಿಯವರ ಪಾಸ್‌ಪೋರ್ಟಿನಲ್ಲಿ ಮೂರು ಪದದ ಹೆಸರಿತ್ತು. ಸ್ವಂತ ಹೆಸರು, ನಡುವಿನ ಹೆಸರು, ಮನೆತನದ ಹೆಸರು. ಟೈಪಿಂಗ್ ಅಂಗಡಿಯಲ್ಲಿ ಹುಡುಗ ಅದನ್ನು ನಮ್ಮ ರೂಢಿಯಲ್ಲಿ ಮಾಡಿಬಿಟ್ಟ. ನಡುವಿನ ಹೆಸರನ್ನು ಒಂದೇ ಅಕ್ಷರಕ್ಕೆ ಇಳಿಸಿ, ಚುಕ್ಕಿ ಇಟ್ಟು, ಇನಿಷಿಯಲ್ ತರಹ ಮುಂದಕ್ಕೆ ಹಾಕಿದ. ನಮಗೆ ನೋಡಲು ಅದು ಸರಿಯಾಗೇ ಕಾಣುತ್ತದೆ, ಅಲ್ವಾ? ನಾನೂ ಓದಿ ಸಹಿ ಹಾಕಿದೆ. ಎರಡು ವಾರದ ನಂತರ ಅವರ ನೋಂದಣಿ ಅರ್ಜಿ ವಾಪಸ್ ಬಂತು. ಕರಾರಿನ ಹೆಸರಿಗೂ ಪಾಸ್‌ಪೋರ್ಟಿನ ಹೆಸರಿಗೂ ತಾಳೆ ಆಗುತ್ತಿಲ್ಲ ಅಂತ. ಮತ್ತೆ ಸ್ಟಾಂಪ್ ಪೇಪರ್, ಮತ್ತೆ ಟೈಪಿಂಗ್, ಮತ್ತೆ ನೋಟರಿ. ಅಷ್ಟರಲ್ಲಿ ಅವರಿಗೆ ಗಡುವು ಹತ್ತಿರ ಬಂದು ರಾತ್ರಿ ನಿದ್ದೆ ಇರಲಿಲ್ಲ.

ಅಮೆರಿಕದವರದ್ದು ದಿನಾಂಕದ ತೊಂದರೆ. ಅವರು ತಿಂಗಳನ್ನು ಮೊದಲು ಬರೆಯುತ್ತಾರೆ, ದಿನ ಆಮೇಲೆ. ಅವರೇ ಚೀಟಿಯಲ್ಲಿ 03/04 ಅಂತ ಬರೆದುಕೊಟ್ಟಿದ್ದರು. ಅದು ಮಾರ್ಚ್ 4. ನಾವು ಏಪ್ರಿಲ್ 3 ಅಂತ ಟೈಪ್ ಮಾಡಿಸಿದೆವು. ಅದೃಷ್ಟಕ್ಕೆ ಸಹಿ ಹಾಕುವಾಗ ಅವರೇ ಕಂಡುಹಿಡಿದರು.

ಈಗ ನಾನು ಮಾಡುವುದು ಇಷ್ಟು. ಪಾಸ್‌ಪೋರ್ಟ್ ಪ್ರತಿಯನ್ನು ಟೈಪ್ ಮಾಡುವವರ ಮುಂದೆ ಇಡುತ್ತೇನೆ. ಹೆಸರನ್ನು ಅಕ್ಷರ ಅಕ್ಷರ ಹೊಂದಿಸಿ ನೋಡುತ್ತೇನೆ. ಇನಿಷಿಯಲ್ ಬೇಡವೇ ಬೇಡ. ತಿಂಗಳನ್ನು ಅಂಕಿಯಲ್ಲಿ ಬರೆಸದೆ ಅಕ್ಷರದಲ್ಲಿ ಬರೆಸುತ್ತೇನೆ. ಗಂಡ ಹೆಂಡತಿ ಇಬ್ಬರ ಹೆಸರೂ ಕರಾರಿನಲ್ಲಿ ಬರಬೇಕು, ಇಲ್ಲದಿದ್ದರೆ ಒಬ್ಬರಿಗೆ ವಿಳಾಸದ ದಾಖಲೆಯೇ ಇರುವುದಿಲ್ಲ. ಕಂಪನಿ ಹೆಸರಲ್ಲಿ ಕರಾರು ಮಾಡುವುದಾದರೂ ಮನೆಯಲ್ಲಿ ಇರುವವರು ಯಾರು ಅನ್ನುವುದನ್ನು ಪಾಸ್‌ಪೋರ್ಟ್ ಸಂಖ್ಯೆ ಸಮೇತ ಒಳಗೆ ಬರೆಸಿ. ಕರಾರಿನ ಜೊತೆ ನಿಮ್ಮ ಇತ್ತೀಚಿನ ಕರೆಂಟ್ ಬಿಲ್ಲಿನ ಪ್ರತಿ ಕೊಡಿ. ಬಿಲ್ಲಿನ ವಿಳಾಸ ಮತ್ತು ಕರಾರಿನ ವಿಳಾಸ ಒಂದೇ ತರಹ ಇರಲಿ. ಒಂದರಲ್ಲಿ 2ನೇ ಕ್ರಾಸ್ ಅಂತಲೂ ಇನ್ನೊಂದರಲ್ಲಿ ದೇವಸ್ಥಾನದ ಹಿಂಭಾಗ ಅಂತಲೂ ಇದ್ದರೆ ಅದೂ ಒಂದು ತಕರಾರು.

ಮಾತಿನಲ್ಲೂ ಒಂದು ಗೊಂದಲ ಇದೆ. ನಮ್ಮಲ್ಲಿ 'ಲೀಸ್‌ಗೆ ಮನೆ' ಅಂದ್ರೆ ಭೋಗ್ಯ. ಒಂದೇ ಸಲ ದೊಡ್ಡ ಮೊತ್ತ ಕೊಟ್ಟು, ತಿಂಗಳ ಬಾಡಿಗೆ ಇಲ್ಲದೆ ಇದ್ದು, ಬಿಡುವಾಗ ಅಷ್ಟೂ ದುಡ್ಡು ವಾಪಸ್ ಪಡೆಯುವುದು. ಅವರಿಗೆ ಲೀಸ್ ಅಂದ್ರೆ ಸುಮ್ನೆ ಬಾಡಿಗೆ ಕರಾರು. ನಮ್ಮ ಬೀದಿಯಲ್ಲೇ ಒಬ್ಬರು ಲಕ್ಷಗಳ ಲೆಕ್ಕ ಹೇಳಿದಾಗ ಬಂದವರು ಹೆದರಿ ಹೊರಟೇ ಹೋದರು. ಹಾಗಾಗಿ ಯಾವುದು ಬಾಡಿಗೆ, ಯಾವುದು ಅಡ್ವಾನ್ಸ್, ಯಾವುದು ವಾಪಸ್ ಬರುತ್ತದೆ ಅಂತ ಒಂದು ಹಾಳೆಯಲ್ಲಿ ಬರೆದು ತೋರಿಸಿ.

ಅಡ್ವಾನ್ಸ್ ಬಗ್ಗೆ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಬೆಂಗಳೂರಿನ ಹತ್ತು ತಿಂಗಳ ರೂಢಿಯನ್ನು ಇವರ ಮೇಲೆ ಹೇರಬೇಡಿ. ಜರ್ಮನಿಯಲ್ಲಿ ಮೂರು ತಿಂಗಳ ಬಾಡಿಗೆಗಿಂತ ಜಾಸ್ತಿ ಠೇವಣಿ ಕೇಳುವ ಹಾಗಿಲ್ಲ ಅಂತ ಕಾನೂನೇ ಇದೆ. ಹೊಸ ಊರು, ಇಲ್ಲಿನ ಬ್ಯಾಂಕ್ ಖಾತೆ ಇನ್ನೂ ಇಲ್ಲ, ಎಲ್ಲ ದುಡ್ಡೂ ಹೊರಗಿನಿಂದ ತರಿಸಬೇಕು. ನಾನು ಮೂರು ತಿಂಗಳದ್ದು ತೆಗೆದುಕೊಳ್ಳುತ್ತೇನೆ, ಇದುವರೆಗೆ ನಷ್ಟ ಆಗಿಲ್ಲ. ಬಿಡುವಾಗ ಪೇಂಟಿಂಗ್‌ಗೆ ಎಷ್ಟು ಹಿಡಿದುಕೊಳ್ಳುತ್ತೀರಿ ಅನ್ನುವುದನ್ನೂ ಮೊದಲೇ ಕರಾರಿನಲ್ಲಿ ಹಾಕಿ. 'ಇದು ಎಲ್ಲರಿಗೂ ಗೊತ್ತಿರೋದೇ' ಅಂತ ನಮಗೆ ಅನ್ನಿಸುವುದು ಅವರಿಗೆ ಗೊತ್ತಿರುವುದಿಲ್ಲ.

ಹನ್ನೊಂದು ತಿಂಗಳ ಕರಾರು ಯಾಕೆ ಅಂತಲೂ ಕೇಳುತ್ತಾರೆ. ಒಂದು ವರ್ಷ ಮೀರಿದ ಕರಾರನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಬೇಕು, ಅದಕ್ಕೆ ಈ ರೂಢಿ ಅಂತ ಹೇಳಿ. ಹನ್ನೊಂದು ತಿಂಗಳಿಗೆ ಹೊರಹಾಕುತ್ತಾರೆ ಅಂತ ಅವರು ಭಾವಿಸುವುದು ಬೇಡ.

ಬಂದ ಮೊದಲ ದಿನ

ವಿಮಾನ ಸಾಮಾನ್ಯವಾಗಿ ನಡುರಾತ್ರಿಗೋ ಬೆಳಗಿನ ಜಾವಕ್ಕೋ ಇಳಿಯುತ್ತದೆ. ಅವರು ಮನೆಗೆ ಬಂದಾಗ ನೀರು, ಕರೆಂಟು, ಒಂದು ಹಾಸಿಗೆ, ವೈಫೈ ಪಾಸ್‌ವರ್ಡ್ ಇದ್ದರೆ ಸಾಕು. ಊಟಕ್ಕೆ ಅಂತ ಹತ್ತು ಬಗೆ ಮಾಡಿ ಕಾಯಬೇಡಿ. ಬಾಳೆಹಣ್ಣು, ಬ್ರೆಡ್ಡು, ಹಾಲು, ಕುಡಿಯುವ ನೀರಿನ ಕ್ಯಾನು ಇಟ್ಟು ಮಲಗಲು ಬಿಡಿ.

ಬೆಳಿಗ್ಗೆ ಎದ್ದ ಮೇಲೆ ಪಾಸ್‌ಪೋರ್ಟ್ ಇಸಿದುಕೊಂಡು ವಿಮಾನ ನಿಲ್ದಾಣದಲ್ಲಿ ಹಾಕಿದ ಮುದ್ರೆಯ ಫೋಟೋ ತೆಗೆದುಕೊಳ್ಳಿ. ಅದರಲ್ಲಿ ಬಂದ ದಿನಾಂಕ ಇರುತ್ತದೆ. ಅದನ್ನು ನೋಡಿಕೊಂಡೇ ಸಿ ಫಾರಂ ತುಂಬಿ. ಮಕ್ಕಳಿದ್ದರೆ ಮಗುವಿಗೂ ಬೇರೆ ಫಾರಂ. ಕಳಿಸಿದ ಮೇಲೆ ಬರುವ ಪ್ರತಿಯನ್ನು ಮುದ್ರಿಸಿ ಅವರಿಗೊಂದು ಕೊಡಿ, ನಿಮ್ಮ ಫೈಲಿಗೊಂದು ಇಟ್ಟುಕೊಳ್ಳಿ. ಹತ್ತಿರದ ಪೊಲೀಸ್ ಠಾಣೆಗೂ ಒಂದು ಮಾತು ತಿಳಿಸಿ ಬನ್ನಿ. ನಾವು ಹೇಳದೆ ಬೀದಿಯವರು ಹೇಳಿದರೆ ಬೀಟ್ ಪೊಲೀಸರು ಮನೆ ಬಾಗಿಲಿಗೆ ಬರುತ್ತಾರೆ. ಬಂದವರು ಮರ್ಯಾದೆಯಿಂದಲೇ ಕೇಳುತ್ತಾರೆ. ಆದರೂ ಯೂನಿಫಾರಂ ಕಂಡ ಕೂಡಲೇ ಹೊಸಬರ ಮುಖ ಬಿಳುಚಿಕೊಳ್ಳುತ್ತದೆ, ನಾನು ನೋಡಿದ್ದೇನೆ.

ಪಾಸ್‌ಪೋರ್ಟನ್ನು ಮಾತ್ರ ಯಾವ ಕಾರಣಕ್ಕೂ ನಮ್ಮ ಹತ್ತಿರ ಇಟ್ಟುಕೊಳ್ಳಬಾರದು. ಫೋಟೋ ತೆಗೆದು ಅಲ್ಲೇ ವಾಪಸ್ ಕೊಡಿ.

ಹದಿನಾಲ್ಕು ದಿನದೊಳಗೆ ನೋಂದಣಿ

ವೀಸಾ 180 ದಿನಕ್ಕಿಂತ ಜಾಸ್ತಿ ಅವಧಿಯದ್ದಾಗಿದ್ದರೆ, ಬಂದ 14 ದಿನದೊಳಗೆ ವಿದೇಶಿಯರ ನೋಂದಣಿ ಆಗಬೇಕು. ನೋಂದಣಿ ಬೇಕೋ ಬೇಡವೋ ಅನ್ನುವುದನ್ನು ಎಷ್ಟೋ ಸಲ ವೀಸಾ ಚೀಟಿಯ ಮೇಲೇ ಬರೆದಿರುತ್ತಾರೆ. ಮೊದಲು ಅದನ್ನು ಓದಿ. ಓಸಿಐ ಕಾರ್ಡ್, ಅಂದ್ರೆ ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಸರ್ಕಾರ ಕೊಡುವ ಕಾರ್ಡ್, ಇರುವವರಿಗೆ ಈ ನೋಂದಣಿ ಇಲ್ಲ.

ಎಫ್‌ಆರ್‌ಆರ್‌ಒ ಕಚೇರಿ ಇರುವುದು ಬೆಂಗಳೂರಿನ ಶಾಂತಿನಗರದಲ್ಲಿ, ಬಸ್ ನಿಲ್ದಾಣದ ಕಟ್ಟಡದಲ್ಲೇ. ಜಿಲ್ಲೆಯಲ್ಲಿ ಎಸ್‌ಪಿ ಅವರೇ ವಿದೇಶಿಯರ ನೋಂದಣಿ ಅಧಿಕಾರಿ. ಆದರೆ 2018ರಿಂದ ಇ-ಎಫ್‌ಆರ್‌ಆರ್‌ಒ ಅನ್ನುವ ಆನ್‌ಲೈನ್ ವ್ಯವಸ್ಥೆ ಬಂದಿದೆ, ಕೋಲಾರದ ಮನೆಯಲ್ಲಿ ಕುಳಿತೇ ಅರ್ಜಿ ಹಾಕಬಹುದು. ಅವರು ಕರೆದರೆ ಮಾತ್ರ ಹೋಗಬೇಕು. ಬೇಕಾಗುವುದು ಪಾಸ್‌ಪೋರ್ಟ್, ವೀಸಾ, ಆಗಮನದ ಮುದ್ರೆ, ಫೋಟೋ, ಕಂಪನಿಯ ಪತ್ರ ಮತ್ತು ಕೆಲಸದ ಕರಾರು. ಇವೆಲ್ಲ ಅವರ ಹತ್ತಿರ ಇರುತ್ತವೆ. ನಾವು ಕೊಡಬೇಕಾದದ್ದು ಮನೆ ಕರಾರು, ಕರೆಂಟ್ ಬಿಲ್ಲು, ಸಿ ಫಾರಂ ಪ್ರತಿ. ಮಂಜೂರಾದರೆ ನೋಂದಣಿ ಪತ್ರ ಇಮೇಲ್‌ಗೇ ಬರುತ್ತದೆ. ಮುಂದಿನ ಎಲ್ಲ ಬಾಗಿಲೂ ತೆರೆಯುವುದು ಈ ಒಂದು ಹಾಳೆಯಿಂದ.

ಏಜೆಂಟರ ಬಗ್ಗೆ ಎಚ್ಚರ. ನಮ್ಮ ಜರ್ಮನಿಯವರ ಮರು ಅರ್ಜಿಯನ್ನು 'ಎರಡೇ ದಿನದಲ್ಲಿ ಮಾಡಿಸಿಕೊಡ್ತೀನಿ' ಅಂತ ಒಬ್ಬರು ದುಡ್ಡು ಇಸಿದುಕೊಂಡರು. ಆಮೇಲೆ ಫೋನೇ ಎತ್ತಲಿಲ್ಲ. ಕೊನೆಗೆ ನನ್ನ ಮಗಳು ಒಂದು ಭಾನುವಾರ ಅವರ ಜೊತೆ ಕುಳಿತು, ಮೂರು ಗಂಟೆಯಲ್ಲಿ ಎಲ್ಲ ತುಂಬಿ ಕಳಿಸಿದಳು. ಫೈಲಿನ ಗಾತ್ರ ಸಣ್ಣದು ಮಾಡುವುದೇ ಅದರಲ್ಲಿ ದೊಡ್ಡ ಕೆಲಸವಾಗಿತ್ತು. ನಿಮ್ಮ ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಅವರೇ ಸಾಕು.

ಸಿಮ್, ಪ್ಯಾನ್, ಬ್ಯಾಂಕ್

ಈ ಮೂರನ್ನು ಇದೇ ಸಾಲಿನಲ್ಲಿ ಮಾಡಿಸಿ. ಇಲ್ಲಿನ ನಂಬರ್ ಇಲ್ಲದೆ ಯಾವ ಒಟಿಪಿಯೂ ಬರುವುದಿಲ್ಲ, ಒಟಿಪಿ ಇಲ್ಲದೆ ಬ್ಯಾಂಕಿನ ಕೆಲಸ ಇಲ್ಲ. ವಿದೇಶಿಯರು ಸಿಮ್ ಕೊಳ್ಳುವಾಗ ಪಾಸ್‌ಪೋರ್ಟ್, ವೀಸಾ ಜೊತೆಗೆ ಸ್ಥಳೀಯರೊಬ್ಬರ ವಿಳಾಸ, ನಂಬರ್ ಕೇಳುತ್ತಾರೆ. ಆ ಸ್ಥಳೀಯರು ನೀವಾಗಿ. ಅಂಗಡಿಗೆ ಜೊತೆಯಲ್ಲೇ ಹೋಗಿ. ಸಣ್ಣ ಅಂಗಡಿಯಲ್ಲಿ ವಿದೇಶಿಯರ ಅರ್ಜಿ ಮಾಡಲು ಬರಲ್ಲ ಅಂದರೆ ಬೇಜಾರಾಗದೆ ಆ ಕಂಪನಿಯದ್ದೇ ಮಳಿಗೆಗೆ ಹೋಗಿ.

ಪ್ಯಾನ್ ಕಾರ್ಡಿಗೆ ವಿದೇಶಿ ಪ್ರಜೆಗಳಿಗೆ ಬೇರೆಯದೇ ಅರ್ಜಿ ನಮೂನೆ ಇದೆ. ನಮ್ಮ ಅರ್ಜಿಯನ್ನೇ ತುಂಬಿದರೆ ತಿರಸ್ಕಾರ ಆಗುತ್ತದೆ. ಇಲ್ಲೂ ಹೆಸರು ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಇರಲಿ. ಪ್ಯಾನಿನಲ್ಲಿ ಒಂದು, ಬ್ಯಾಂಕಿನಲ್ಲಿ ಒಂದು ಆದರೆ ಸಂಬಳ ಹಾಕುವ ದಿನ ಗೊತ್ತಾಗುತ್ತದೆ. ಕಂಪನಿಗೆ ಬಾಡಿಗೆ ಲೆಕ್ಕ ತೋರಿಸಲು ಅವರು ನಿಮ್ಮ ಪ್ಯಾನ್ ನಂಬರನ್ನೂ ಕೇಳಬಹುದು, ಕೊಡಿ.

ಬ್ಯಾಂಕಿಗೆ ಹೋಗುವಾಗ ಮನೆ ಪಕ್ಕದ ಶಾಖೆಗಿಂತ ವಿದೇಶಿ ವಿನಿಮಯದ ಕೆಲಸ ನೋಡುವ ಶಾಖೆ ಯಾವುದು ಅಂತ ಕೇಳಿ ಅಲ್ಲಿಗೆ ಹೋಗಿ. ಮಾಮೂಲಿ ಶಾಖೆಯ ಸಿಬ್ಬಂದಿಗೆ ಇಂಥ ಖಾತೆ ವರ್ಷಕ್ಕೊಂದೂ ಬಂದಿರುವುದಿಲ್ಲ. ಪ್ರತಿ ಕಾಗದಕ್ಕೂ ಮೇಲಿನವರನ್ನು ಕೇಳಬೇಕಾಗುತ್ತದೆ. ಖಾತೆ ತೆರೆಯುವವರೆಗೆ ಬಾಡಿಗೆಗೆ ಅವಸರ ಮಾಡಬೇಡಿ.

ಮನೆಯೊಳಗೆ: ನೀರು ಮೊದಲು

ನಮ್ಮ ಜಿಲ್ಲೆಯ ನೀರಿನ ಕಥೆ ನಮಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಪಾವಗಡ ಕಡೆ ಎಷ್ಟೋ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ. ವಿದೇಶದವರು ಏನು ಮಾಡುತ್ತಾರೆ ಅಂದ್ರೆ, ನಲ್ಲಿ ನೀರನ್ನು ಚೆನ್ನಾಗಿ ಕುದಿಸಿ ಕುಡಿಯುತ್ತಾರೆ. ಕುದಿಸಿದರೆ ಕ್ರಿಮಿ ಸಾಯುತ್ತದೆ, ಸರಿ. ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಜಾಸ್ತಿಯೇ ಆಗುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಒಳ್ಳೆಯದಲ್ಲ, ಮಕ್ಕಳ ಹಲ್ಲು ಕಲೆಯಾಗುವುದರಿಂದ ಶುರುವಾಗಿ ಮೂಳೆಗೆ ಬರುತ್ತದೆ. ಮನೆಗೆ ಆರ್‌ಒ ಹಾಕಿಸಿ, ಇಲ್ಲವೇ ಬೀದಿಯ ಶುದ್ಧ ನೀರಿನ ಘಟಕದಿಂದ 20 ಲೀಟರ್ ಕ್ಯಾನ್ ತುಂಬಿಸುವುದನ್ನು ತೋರಿಸಿಕೊಡಿ. ನಮ್ಮ ಫ್ರಾನ್ಸಿನ ಮಗುವಿಗೆ ಅಲ್ಲಿ ನಾಣ್ಯ ಹಾಕಿ ನೀರು ಬರುವುದನ್ನು ನೋಡುವುದೇ ಆಟ. ದಿನಾ ಸಂಜೆ ನನ್ನ ಜೊತೆ ಚಿಲ್ಲರೆ ಹಿಡಿದುಕೊಂಡು ಬರುತ್ತಾನೆ.

ನೀರು ಯಾವ ದಿನ ಬರುತ್ತದೆ, ಸಂಪು ಎಲ್ಲಿದೆ, ಮೋಟರ್ ಎಷ್ಟು ಹೊತ್ತು ಹಾಕಬೇಕು, ಇದನ್ನು ಕೈ ಹಿಡಿದು ತೋರಿಸಿ. ನಲ್ಲಿ ತಿರುಗಿಸಿದರೆ ಇಪ್ಪತ್ತನಾಲ್ಕು ಗಂಟೆ ನೀರು ಬರುವ ಊರಿನಿಂದ ಬಂದವರಿಗೆ ಟ್ಯಾಂಕ್ ಖಾಲಿಯಾಗುತ್ತದೆ ಅನ್ನುವುದೇ ಹೊಸದು.

ಕರೆಂಟು: ನಮ್ಮದು 230 ವೋಲ್ಟ್, ಅಮೆರಿಕದ್ದು 120. ಅಲ್ಲಿಂದ ತಂದ ಕೂದಲು ಒಣಗಿಸುವ ಯಂತ್ರವನ್ನು ಬರೀ ಪಿನ್ ಬದಲಾಯಿಸಿ ಹಾಕಿದರೆ ಸುಟ್ಟುಹೋಗುತ್ತದೆ. ಯುರೋಪಿನವರಿಗೆ ವೋಲ್ಟ್ ಸಮಸ್ಯೆ ಇಲ್ಲ, ಪಿನ್ ಮಾತ್ರ ಬೇರೆ. ಅಡುಗೆಗೆ ಇಂಡಕ್ಷನ್ ಒಲೆ ಸುಲಭ. ಗ್ಯಾಸ್ ಬೇಕೆಂದರೆ ಗುರುತಿನ ಚೀಟಿ ತೋರಿಸಿ ತರುವ 5 ಕೆಜಿ ಸಿಲಿಂಡರ್ ಇದೆ. ಮನೆಯಲ್ಲಿ ಮಾಂಸ ಬೇಡ, ಮೊಟ್ಟೆ ಬೇಡ ಅಂತ ನಿಮ್ಮ ನಿಯಮ ಇದ್ದರೆ ಮನೆ ತೋರಿಸುವ ದಿನವೇ ಹೇಳಿ. ಬಂದು ಪಾತ್ರೆ ಜೋಡಿಸಿದ ಮೇಲೆ ಹೇಳುವುದು ಸರಿಯಲ್ಲ.

112 ಮತ್ತು ಆಂಬುಲೆನ್ಸಿನ 108, ಈ ಎರಡು ನಂಬರನ್ನು ಫ್ರಿಜ್ಜಿನ ಮೇಲೆ ಅಂಟಿಸಿ. ನಾಯಿ ಕಚ್ಚಿದರೆ ಸೋಪು ಹಚ್ಚಿ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಕೂಡಲೇ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಗೆ ಹೋಗಬೇಕು ಅಂತ ತಿಳಿಸಿ. ಬೀದಿನಾಯಿ ಅವರ ಊರಲ್ಲಿ ಇಲ್ಲ. ಕಂಡ ಕೂಡಲೇ ಮುದ್ದು ಮಾಡಲು ಹೋಗುತ್ತಾರೆ.

ಮಾತು, ನೆರೆಹೊರೆ

ಇಲ್ಲಿ ಒಂದು ವಿಷಯ ಮೊದಲೇ ಹೇಳಬೇಕು. ಮೊಬೈಲಿನಲ್ಲಿ ಕನ್ನಡ ಕಲಿತು ಬಂದವರು ಕೋಲಾರದ ಮಾರುಕಟ್ಟೆಗೆ ಹೋದರೆ ಕಿವಿಗೆ ಬೀಳುವುದು ಅರ್ಧ ತೆಲುಗು. ಕ್ಲಾಕ್ ಟವರ್ ಕಡೆ ಉರ್ದು. ಕೆಜಿಎಫ್‌ಗೆ ಹೋದರೆ ತಮಿಳು. 'ನಾನು ಕಲಿತದ್ದು ತಪ್ಪು ಭಾಷೆಯಾ?' ಅಂತ ಅಮೆರಿಕದವರು ಗಾಬರಿಯಾಗಿ ಕೇಳಿದ್ದರು. ಇದು ಗಡಿ ಜಿಲ್ಲೆ, ಮನೆಮಾತು ಹಲವು ಇವೆ, ಕನ್ನಡ ಎಲ್ಲರಿಗೂ ಬರುತ್ತದೆ ಅಂತ ಹೇಳಿ. ಅಂಗಡಿಯವರಿಗೂ ಒಂದು ಮಾತು ಹೇಳಿಡಿ: ಇವರ ಜೊತೆ ನಿಧಾನವಾಗಿ ಕನ್ನಡದಲ್ಲೇ ಮಾತಾಡಿ ಅಂತ. ಬಿಳಿ ಮುಖ ಕಂಡ ಕೂಡಲೇ ಎಲ್ಲರೂ ಬಂದಷ್ಟು ಇಂಗ್ಲಿಷ್ ತೆಗೆದರೆ ಅವರು ಕಲಿಯುವುದು ಯಾವಾಗ?

ಕಲಿಸುವುದಾದರೆ ಅಂಕಿಯಿಂದ ಶುರು ಮಾಡಿ. ಹತ್ತು, ಇಪ್ಪತ್ತು, ಐವತ್ತು ಬೇಗ ಬರುತ್ತದೆ. ಒಂದೂವರೆ, ಎರಡೂಕಾಲು, ಮುಕ್ಕಾಲು, ಇವಕ್ಕೆ ಸಮಯ ಬೇಕು. ಕಾಲು ಕೆಜಿ ಅವರೆಕಾಳು ಕೇಳಲು ಬಂದ ದಿನ ಅಮೆರಿಕದವರು ಮನೆಗೆ ಬಂದು ಅದನ್ನೇ ಐದು ಸಲ ಹೇಳಿ ತೋರಿಸಿದರು. ಆಮೇಲೆ 'ಸಾಕು', 'ಬೇಡ', 'ಸ್ವಲ್ಪ', 'ಆಮೇಲೆ ಬರ್ತೀನಿ'. ಅಣ್ಣ, ಅಕ್ಕ ಅಂತ ಕರೆಯುವುದನ್ನು ಹೇಳಿಕೊಡಿ, ಅರ್ಧ ಕೆಲಸ ಅದರಿಂದಲೇ ಆಗುತ್ತದೆ. 'ಊಟ ಆಯ್ತಾ' ಅನ್ನುವುದು ಕರೆದು ಬಡಿಸುವ ಮಾತಲ್ಲ, ಕುಶಲ ಕೇಳುವ ಮಾತು ಅಂತ ಬಿಡಿಸಿ ಹೇಳಿ. ಜರ್ಮನಿಯವರು ಮೊದಲ ವಾರ ಎಲ್ಲರಿಗೂ ತಾವು ಏನೇನು ತಿಂದೆವು ಅಂತ ಪೂರ್ತಿ ವರದಿ ಕೊಡುತ್ತಿದ್ದರು.

ನಾವು ಬಿಡಬೇಕಾದ ಅಭ್ಯಾಸಗಳೂ ಇವೆ. ಓನರ್ ಅಂತ ಹೇಳದೆ ಕೇಳದೆ ಮೇಲೆ ಹತ್ತಿ ಟ್ಯಾಂಕ್ ನೋಡಲು ಹೋಗುವುದು, ಬಾಗಿಲು ತೆರೆದಿದ್ದರೆ ಒಳಗೆ ಇಣುಕುವುದು ಅವರಿಗೆ ತುಂಬಾ ಕಸಿವಿಸಿ. ಒಂದು ಮೆಸೇಜ್ ಹಾಕಿ ಹೋಗಿ. ಸಂಬಳ ಎಷ್ಟು, ಮಕ್ಕಳು ಯಾಕೆ ಮಾಡಿಕೊಂಡಿಲ್ಲ ಅಂತ ಕೇಳಬೇಡಿ. ನೆಂಟರು ಬಂದಾಗಲೆಲ್ಲ ಅವರನ್ನು ಕರೆದು ಫೋಟೋ ತೆಗೆಸಬೇಡಿ. ಅಂತರಗಂಗೆಗೆ ಹೋದಾಗಲೂ ಹಾಗೇ, ಸುತ್ತ ಮುತ್ತಿಕೊಂಡು ಸೆಲ್ಫಿ ಕೇಳುವವರಿಗೆ ನಾವೇ ಅಡ್ಡ ನಿಂತು ಬೇಡ ಅನ್ನಬೇಕು.

ಪಶ್ಚಿಮದವರು ಈ ಜಿಲ್ಲೆಗೆ ಬರುತ್ತಿರುವುದು ಹೊಸದೇನಲ್ಲ. 1880ರ ಹೊತ್ತಿಗೆ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕೆಜಿಎಫ್‌ನಲ್ಲಿ ಗಣಿ ಕೆಲಸ ಹಿಡಿದ ಮೇಲೆ ಇಂಗ್ಲೆಂಡಿನ ಕಾರ್ನ್‌ವಾಲ್ ಕಡೆಯಿಂದ ಗಣಿಯ ಜನ ಬಂದರು. 1902ರಲ್ಲಿ ಶಿವನಸಮುದ್ರದಿಂದ ಕರೆಂಟೂ ಬಂತು. ಆ ಸಾಹೇಬರಿಗೆ ಕಂಪನಿಯ ಬಂಗಲೆ, ಕಂಪನಿಯ ಕ್ಲಬ್ಬು ಎಲ್ಲ ಬೇರೆಯೇ ಇತ್ತು. 2001ರಲ್ಲಿ ಗಣಿ ಮುಚ್ಚಿತು. ಈಗ ಬರುವವರು ನಮ್ಮದೇ ಮೆಟ್ಟಿಲು ಹತ್ತಿ ಬರುತ್ತಾರೆ, ನಮ್ಮ ಸಂಪಿನ ನೀರೇ ಬಳಸುತ್ತಾರೆ. ನನಗೆ ಇದೇ ಹೆಚ್ಚು ಇಷ್ಟ.

ಆರು ತಿಂಗಳಾದ ಮೇಲೆ

ಹಿಂದಿನ 12 ತಿಂಗಳಲ್ಲಿ 182 ದಿನ ಅಥವಾ ಅದಕ್ಕಿಂತ ಜಾಸ್ತಿ ಇಲ್ಲಿ ಇದ್ದ ವಿದೇಶಿಯರು ಆಧಾರ್ ಮಾಡಿಸಬಹುದು. ಅದು ಪೌರತ್ವದ ಗುರುತಲ್ಲ, ವೀಸಾ ಅವಧಿ ಇರುವವರೆಗೆ ಮಾತ್ರ ನಡೆಯುತ್ತದೆ. ಆದರೂ ಮಾಡಿಸಿದರೆ ದಿನನಿತ್ಯದ ಅಲೆದಾಟ ಬಹಳ ತಪ್ಪುತ್ತದೆ. ಗಾಡಿ ಓಡಿಸುವವರು ಅವರ ಊರಿನಿಂದ ಇಂಟರ್‌ನ್ಯಾಷನಲ್ ಪರ್ಮಿಟ್ ತಂದಿರುತ್ತಾರೆ. ಅದು ಒಂದು ವರ್ಷ ನಡೆಯುತ್ತದೆ. ಅದಕ್ಕಿಂತ ಹೆಚ್ಚು ಇರುವವರು ಕೋಲಾರ ಆರ್‌ಟಿಒದಲ್ಲಿ ಇಲ್ಲಿನ ಡಿಎಲ್ ಮಾಡಿಸಿಕೊಳ್ಳಲಿ. ಎಂಪ್ಲಾಯ್‌ಮೆಂಟ್ ವೀಸಾ ವಿಸ್ತರಣೆಗೆ ಅವಧಿ ಮುಗಿಯುವ ಎರಡು ತಿಂಗಳು ಮೊದಲೇ ಇ-ಎಫ್‌ಆರ್‌ಆರ್‌ಒದಲ್ಲಿ ಹಾಕಲಿ. ಆಗ ಮತ್ತೆ ಚಾಲ್ತಿಯಲ್ಲಿರುವ ಕರಾರು ಕೇಳುತ್ತಾರೆ. ನಿಮ್ಮ ಹನ್ನೊಂದು ತಿಂಗಳು ಮುಗಿದಿದ್ದರೆ ಮೊದಲು ಅದನ್ನು ನವೀಕರಿಸಿ ಕೊಡಿ.

ನಂದಿ ಬೆಟ್ಟದ ಕಡೆ ಹೋಗಿ ಬಂದ ಮೇಲೆ ಎಲ್ಲರೂ ಒಂದು ಮಾತು ಕೇಳುತ್ತಾರೆ: ಅಲ್ಲಿ ಸಣ್ಣದೊಂದು ತೋಟ ಕೊಳ್ಳಬಹುದಾ ಅಂತ. ವಿದೇಶಿ ಪ್ರಜೆಗಳು ಕೃಷಿ ಜಮೀನು, ತೋಟ, ಫಾರ್ಮ್ ಹೌಸ್ ಕೊಳ್ಳುವ ಹಾಗಿಲ್ಲ. ಓಸಿಐ ಇದ್ದರೂ ಇಲ್ಲ. 'ನಮ್ಮ ಹೆಸರಲ್ಲಿ ಮಾಡಿಸ್ತೀವಿ, ದುಡ್ಡು ನೀವು ಹಾಕಿ' ಅನ್ನುವ ದಲ್ಲಾಳಿಗಳು ಇದ್ದಾರೆ. ಅಂಥವರನ್ನು ನಿಮ್ಮ ಮನೆ ಮೆಟ್ಟಿಲು ಹತ್ತಲು ಬಿಡಬೇಡಿ.

ಬಿಟ್ಟು ಹೋಗುವಾಗ

ಹೊರಡುವ ದಿನಾಂಕ ಗೊತ್ತಾದ ಕೂಡಲೇ ವೀಸಾ ಯಾವ ದಿನದವರೆಗೆ ಇದೆ ಅಂತ ನೋಡಲು ಹೇಳಿ. ಅವಧಿ ಒಂದೇ ದಿನ ಮೀರಿದರೂ ಎಕ್ಸಿಟ್ ಪರ್ಮಿಟ್, ಅಂದ್ರೆ ದೇಶ ಬಿಡಲು ಕೊಡುವ ಅನುಮತಿ, ಇಲ್ಲದೆ ವಿಮಾನ ಹತ್ತಲು ಬಿಡುವುದಿಲ್ಲ. ಹೋದ ಮೇಲೆ ಸಿ ಫಾರಂ ಲಾಗಿನ್‌ನಲ್ಲಿ ಅವರು ಮನೆ ಬಿಟ್ಟ ದಿನಾಂಕ ಹಾಕುವುದು ಮರೆಯಬೇಡಿ. ಹಾಕದಿದ್ದರೆ ಅವರು ಇನ್ನೂ ನಮ್ಮ ಮನೆಯಲ್ಲೇ ಇದ್ದಾರೆ ಅಂತ ದಾಖಲೆಯಲ್ಲಿ ಉಳಿಯುತ್ತದೆ.

ಅಡ್ವಾನ್ಸನ್ನು ಅವರು ಊರು ಬಿಡುವ ಕನಿಷ್ಠ ಒಂದು ವಾರ ಮೊದಲು ವಾಪಸ್ ಕೊಡಿ. ಕರೆಂಟ್ ಬಿಲ್ಲಿಗೆ ಸ್ವಲ್ಪ ಹಿಡಿದುಕೊಂಡರೆ ಸಾಕು. ಖಾತೆಯಲ್ಲಿರುವ ದುಡ್ಡನ್ನು ಅವರ ದೇಶಕ್ಕೆ ಕಳಿಸಲು ಬ್ಯಾಂಕಿನಲ್ಲಿ ಫಾರಂ ತುಂಬಬೇಕು, ಅದಕ್ಕೆ ಸಮಯ ಬೇಕು. ಎಲ್ಲ ಆದ ಮೇಲೆ ಸಿಮ್. ಜರ್ಮನಿಯವರು ಹೊರಡುವ ಮೊದಲೇ ಅದನ್ನು ನಿಲ್ಲಿಸಿದ್ದರು. ಆಮೇಲೆ ಖಾತೆ ಮುಚ್ಚಲು ಬೇಕಾದ ಒಟಿಪಿ ಬರಲೇ ಇಲ್ಲ. ಅದಕ್ಕೇ ಅಮೆರಿಕದವರಿಗೆ ಹೇಳಿದೆ, ದುಡ್ಡು ನಿಮ್ಮ ಊರಿನ ಖಾತೆಗೆ ಬಂತು ಅಂತ ಕಂಡ ಮೇಲೆ ಸಿಮ್ ತೆಗೆಯಿರಿ ಅಂತ. ದುಡ್ಡು ಸೇರಿದ ದಿನ ಅದೇ ನಂಬರಿನಿಂದ ಅವರ ಮೆಸೇಜ್ ಬಂತು, ಕನ್ನಡ ಅಕ್ಷರದಲ್ಲೇ: 'ದುಡ್ಡು ಬಂತು ಅಕ್ಕ. ಊಟ ಆಯ್ತಾ?'